ನೂರು ತುಂಬುವ ತನಕ ನಿಂತಿದ್ದರೆ

ವಿಧಾನಸೌಧ ಕಾನೂನಿನ ಪ್ರಕಾರ ‘ಪ್ರಾಚೀನ’ ಆಗಬೇಕಾದರೆ 2056ರ ತನಕ ಕಾಯಬೇಕು. 1958ರ ಕೇಂದ್ರ ಕಾಯ್ದೆಯಲ್ಲೂ 1961ರ ರಾಜ್ಯ ಕಾಯ್ದೆಯಲ್ಲೂ ಸ್ಮಾರಕ ಅನ್ನಿಸಿಕೊಳ್ಳಲು ಕನಿಷ್ಠ ನೂರು ವರ್ಷ ಆಗಿರಬೇಕು. ಕೆಂಗಲ್ ಹನುಮಂತಯ್ಯನವರ ಸೌಧ ಮುಗಿದದ್ದು 1956ರಲ್ಲಿ. ಅದಕ್ಕೇನೂ ಆಗುವುದಿಲ್ಲ, ಅದನ್ನು ಮುಟ್ಟುವ ಧೈರ್ಯ ಯಾರಿಗೂ ಇಲ್ಲ. ಚಿಂತೆ ಇರುವುದು ಅದರ ಓರಗೆಯ ಕಟ್ಟಡಗಳದ್ದು. 1930ರಿಂದ 1980ರ ನಡುವೆ ಎದ್ದ ಕಾಲೇಜು, ಪ್ರಯೋಗಾಲಯ, ಸರ್ಕಾರಿ ಕಚೇರಿ, ಥಿಯೇಟರು, ಮಾರುಕಟ್ಟೆ, ಉದ್ಯಾನಗಳದ್ದು. ಐವತ್ತರ ಹತ್ತಿರ ಬಂದಿರುವುದರಿಂದ ಅಥವಾ ಅದನ್ನು ದಾಟಿರುವುದರಿಂದ ಇವಕ್ಕೆ ಹೊಸತನದ ಹೊಳಪಿಲ್ಲ, ನೂರು ತುಂಬದ್ದರಿಂದ ಹಳೆಯದೆಂಬ ಮರ್ಯಾದೆಯೂ ಇಲ್ಲ. ಜಾಗದ ಬೆಲೆ ಲೆಕ್ಕ ಹಾಕುವವರಿಗಂತೂ ಇವು ಕಟ್ಟಡಗಳೇ ಅಲ್ಲ, ಇನ್ನೂ ಖಾಲಿಯಾಗದ ಸೈಟುಗಳು.

ಈ ವಯಸ್ಸಿನ ತಕರಾರು ಎಷ್ಟು ದೂರ ಹೋಗಬಹುದು ಎಂಬುದನ್ನು ದೆಹಲಿ ತೋರಿಸಿಕೊಟ್ಟಿದೆ. ಪ್ರಗತಿ ಮೈದಾನದ ಹಾಲ್ ಆಫ್ ನೇಷನ್ಸ್ 1972ರ ಅಂತರರಾಷ್ಟ್ರೀಯ ವ್ಯಾಪಾರ ಮೇಳಕ್ಕಾಗಿ ಎದ್ದದ್ದು. ವಾಸ್ತುಶಿಲ್ಪಿ ರಾಜ್ ರೇವಾಲ್, ಅದನ್ನು ನಿಲ್ಲಿಸಿದ ಎಂಜಿನಿಯರ್ ಮಹೇಂದ್ರ ರಾಜ್. ಸುಮಾರು 78 ಮೀಟರ್ ಚೌಕದ ನೆಲ, ಒಳಗೆ ಒಂದೇ ಒಂದು ಕಂಬವಿಲ್ಲ. ತ್ರಿಕೋನಗಳನ್ನು ಹೆಣೆದು ಮಾಡುವ ಇಂಥ ಹಂದರವನ್ನು ಬೇರೆ ದೇಶಗಳವರು ಉಕ್ಕಿನ ಕೊಳವೆಗಳಿಂದ ಮಾಡುತ್ತಿದ್ದರು. ನಮ್ಮಲ್ಲಿ ಆಗ ಉಕ್ಕು ದುಬಾರಿ, ಕೂಲಿ ಅಗ್ಗ. ಹಾಗಾಗಿ ಅದೇ ಹಂದರವನ್ನು ಸ್ಥಳದಲ್ಲೇ ಸೆಂಟ್ರಿಂಗ್ ಕಟ್ಟಿ ಕಾಂಕ್ರೀಟಿನಲ್ಲಿ ಎರಕ ಹೊಯ್ದರು. ಬಡ ದೇಶವೊಂದು ತನ್ನ ಕೈಲಿದ್ದುದರಲ್ಲೇ ಜಗತ್ತಿನಲ್ಲಿ ಯಾರೂ ಮಾಡದ್ದನ್ನು ಮಾಡಿ ತೋರಿಸಿದ ಕಟ್ಟಡ ಅದು. ಕೆಡವುವ ಮಾತು ಬಂದಾಗ ಉಳಿಸಿ ಎಂದು ದೇಶವಿದೇಶದ ವಾಸ್ತುಶಿಲ್ಪಿಗಳು ಮನವಿ ಮಾಡಿದರು. ದೆಹಲಿಯ ಪರಂಪರೆ ಸಂರಕ್ಷಣಾ ಸಮಿತಿ 60 ವರ್ಷ ತುಂಬದ ಕಟ್ಟಡವನ್ನು ಪರಿಗಣಿಸಲಾಗದು ಎಂದಿತು. ಹೈಕೋರ್ಟಿನಲ್ಲೂ ಅರ್ಜಿ ನಿಲ್ಲಲಿಲ್ಲ. 2017ರ ಏಪ್ರಿಲ್ 23ರ ರಾತ್ರಿ ಶುರುವಾದ ಬುಲ್ಡೋಜರು ಬೆಳಗಾಗುವುದರೊಳಗೆ ಕೆಲಸ ಮುಗಿಸಿತ್ತು.

ಅದೇ ವರ್ಷ ಡಿಸೆಂಬರಿನಲ್ಲಿ, ಅದೇ ದೆಹಲಿಯಲ್ಲಿ, ಸ್ಮಾರಕ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಇಕೊಮೊಸ್‌ನ ಮಹಾಧಿವೇಶನ ನಡೆಯಿತು. ಇಪ್ಪತ್ತನೇ ಶತಮಾನದ ಪರಂಪರೆಯನ್ನು ಕಾಪಾಡುವ ಬಗೆಯನ್ನು ಹೇಳುವ ದಾಖಲೆಯೊಂದು 2011ರಿಂದ ಮ್ಯಾಡ್ರಿಡ್ ಹೆಸರಿನಲ್ಲಿತ್ತು. ಅದನ್ನು ಪರಿಷ್ಕರಿಸಿ ಮ್ಯಾಡ್ರಿಡ್–ನವದೆಹಲಿ ದಾಖಲೆ ಎಂದು ಕರೆದರು. ಕಟ್ಟಡ ಹೋದ ಊರಿಗೆ ಅಂಥವನ್ನು ಉಳಿಸುವ ನಿಯಮಾವಳಿಯಲ್ಲಿ ಹೆಸರು ಸಿಕ್ಕಿತು!

ಬೆಂಗಳೂರಿನ ಲೆಕ್ಕವೂ ಬೇರೆಯಲ್ಲ. 1968ರಲ್ಲಿ ತೆರೆದ, ಒಂದು ಕಾಲಕ್ಕೆ ಸಿನಿರಾಮಾ ಪರದೆಯ ಹೆಮ್ಮೆಯಲ್ಲಿ ಮೆರೆದ ಕಪಾಲಿ ಥಿಯೇಟರ್ ಮುಚ್ಚಿದ್ದು ಅದೇ 2017ರಲ್ಲಿ. ಎಂ.ಜಿ. ರಸ್ತೆಯ ಪ್ಲಾಜಾ ಥಿಯೇಟರ್ ಇದ್ದ ಜಾಗ ಮೆಟ್ರೋಗೆ ಹೋಗಿ ವರ್ಷಗಳೇ ಆದವು. ಕೆಂಪೇಗೌಡ ರಸ್ತೆಯಲ್ಲಿ ಏಷಿಯಾಟಿಕ್ ಬಿಲ್ಡಿಂಗ್ ಇದೆ, ಜನತಾ ಬಜಾರ್ ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಮೂವತ್ತರ ದಶಕದ ಆರ್ಟ್ ಡೆಕೋ ಶೈಲಿಯದು. ಅದನ್ನು ಕೆಡವುವ ಪ್ರಸ್ತಾಪ 2019ರಲ್ಲಿ ಬಂದಾಗ ಪರಂಪರೆ ಸಂರಕ್ಷಣೆಯ ಸಂಸ್ಥೆ ಇಂಟ್ಯಾಕ್ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಇದಕ್ಕೆ ಒಂದು ವರ್ಷ ಮೊದಲು, 2018ರಲ್ಲಿ, ಮುಂಬೈಯ ಆರ್ಟ್ ಡೆಕೋ ಕಟ್ಟಡಗಳ ಸಾಲನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತ್ತು.

ಜನರಿಗೆ ಇಂಥ ಕಟ್ಟಡಗಳ ಮೇಲೆ ಯಾಕೆ ಪ್ರೀತಿ ಬರುವುದಿಲ್ಲ? ಬೇಲೂರಿನ ಗೋಡೆಯ ಮುಂದೆ ನಿಂತವರಿಗೆ ಯಾರೂ ಏನೂ ವಿವರಿಸಬೇಕಿಲ್ಲ, ಕೆತ್ತನೆಯ ಹಿಂದಿನ ಶ್ರಮ ಕಣ್ಣಿಗೇ ಹೊಡೆಯುತ್ತದೆ. ಇಪ್ಪತ್ತನೇ ಶತಮಾನದ ಕಟ್ಟಡದಲ್ಲಿ ಶ್ರಮ ಇರುವುದು ಗೋಡೆಯ ಮೇಲಲ್ಲ, ಲೆಕ್ಕಾಚಾರದಲ್ಲಿ. ಯಾವ ದಿಕ್ಕಿಗೆ ಕಿಟಕಿ, ಎಷ್ಟು ಅಗಲದ ಸಜ್ಜ, ಮಳೆನೀರು ಎಲ್ಲಿ ಬೀಳಬೇಕು, ಇನ್ನೂರು ಹುಡುಗರು ಒಟ್ಟಿಗೆ ಕ್ಲಾಸು ಬಿಟ್ಟು ಹೊರಬಂದರೆ ಎಲ್ಲಿ ನಿಲ್ಲಬೇಕು ಎಂಬಲ್ಲಿ. ಅದೆಲ್ಲ ಸರಿಯಾಗಿದ್ದಾಗ ಯಾರಿಗೂ ಕಾಣಿಸುವುದಿಲ್ಲ. ಎರಡು ಮಳೆಗಾಲ ಕಳೆದು ಕಾಂಕ್ರೀಟಿನ ಮೇಲೆ ಕಪ್ಪು ಪಾಚಿ ಇಳಿದರೆ ಅದು ಮಾತ್ರ ಎಲ್ಲರಿಗೂ ಕಾಣಿಸುತ್ತದೆ.

ಈ ಲೆಕ್ಕಾಚಾರವನ್ನು ಮೈಸೂರು ಸಂಸ್ಥಾನಕ್ಕೆ ತಂದವರಲ್ಲಿ ಮುಖ್ಯರು ಓಟೋ ಕೋನಿಗ್ಸ್‌ಬರ್ಗರ್. ಬರ್ಲಿನ್ನಿನಲ್ಲಿ 1908ರಲ್ಲಿ ಹುಟ್ಟಿದ ಯಹೂದಿ. 1933ರಲ್ಲಿ ನಾಜಿಗಳು ಬಂದಾಗ ಸರ್ಕಾರಿ ನೌಕರಿ ಕಳೆದುಕೊಂಡು ಈಜಿಪ್ಟಿಗೆ ಹೋದರು, ಅಲ್ಲಿಂದ 1939ರಲ್ಲಿ ಬೆಂಗಳೂರಿಗೆ. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರ ಬಂಧು. ಸಿ.ವಿ. ರಾಮನ್ ಕರೆಸಿಕೊಂಡು ಬಾರ್ನ್ 1935–36ರಲ್ಲಿ ಕೆಲವು ತಿಂಗಳು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿದ್ದರು. ಆ ಪರಿಚಯದ ಎಳೆಯಿಂದಲೇ ಈ ತರುಣನಿಗೆ ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯ ಕೆಲಸ ಸಿಕ್ಕಿತು. ದಿವಾನ್ ಮಿರ್ಜಾ ಇಸ್ಮಾಯಿಲರಿಗೆ ಗುಮ್ಮಟ, ಕಮಾನು, ಛತ್ರಿ ಇಷ್ಟ. ಕೋನಿಗ್ಸ್‌ಬರ್ಗರ್ ಅವರಿಗೆ ಅಲಂಕಾರ ಅಂದರೆ ಆಗದು. ಇಬ್ಬರ ನಡುವಿನ ಎಳೆದಾಟದ ಗುರುತು ಆ ಕಾಲದ ಕಟ್ಟಡಗಳ ಮೇಲೆಯೇ ಉಳಿದಿದೆ.

ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಏರೋನಾಟಿಕ್ಸ್ ವಿಭಾಗ, ಮೆಟಲರ್ಜಿ ವಿಭಾಗ, ಊಟದ ಹಾಲು ಮತ್ತು ಸಭಾಂಗಣ ಅವರ ಕೈಯಲ್ಲಿ ರೂಪ ಪಡೆದವು. ಎರಡನೇ ಮಹಾಯುದ್ಧದ ಕಾಲ, ಸಿಮೆಂಟು ಕಬ್ಬಿಣ ಸಲೀಸಾಗಿ ಸಿಗುತ್ತಿರಲಿಲ್ಲ. ಫ್ಯಾನಿನ ಗಾಳಿಯನ್ನೂ ನೆಚ್ಚದೆ ಕಟ್ಟಡವೇ ತಣ್ಣಗಿರುವಂತೆ ಮಾಡಬೇಕಿತ್ತು. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಜೂನ್ ನಡುವಿನ ಮಧ್ಯಾಹ್ನ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕೆ ವಾಲಿರುತ್ತಾನೆ, ಡಿಸೆಂಬರಿನಲ್ಲಿ ದಕ್ಷಿಣಕ್ಕೆ ಇಳಿದಿರುತ್ತಾನೆ. ಉತ್ತರ, ದಕ್ಷಿಣ ಎರಡೂ ಗೋಡೆಗಳಿಗೆ ಬೀಳುವ ಬಿಸಿಲು ಮೇಲಿನಿಂದ ಬರುವುದರಿಂದ ಎರಡಡಿ ಮೂರಡಿಯ ಸಜ್ಜ ಅದನ್ನು ತಡೆದುಬಿಡುತ್ತದೆ. ತಡೆಯಲಾಗದ್ದು ಪಡುವಣದ ಬಿಸಿಲು. ಅದು ಅಡ್ಡಡ್ಡ ಬಂದು ಕೋಣೆಯ ಒಳಗೇ ಕೂರುತ್ತದೆ. ಆದ್ದರಿಂದ ಕಟ್ಟಡವನ್ನು ಪೂರ್ವ–ಪಶ್ಚಿಮವಾಗಿ ಉದ್ದಕ್ಕೆ ಮಲಗಿಸಿ, ತುದಿಗಳಲ್ಲಿ ಕಿಟಕಿ ಕಡಿಮೆ ಮಾಡಿ, ಉದ್ದದ ಗೋಡೆಗಳಲ್ಲಿ ಎದುರುಬದುರು ಕಿಟಕಿ ಇಡುವುದು ಲೇಸು. ಕಿಟಕಿಯ ಮೇಲೆ, ಸೂರಿಗೆ ಹತ್ತಿರ ಗವಾಕ್ಷಿ: ಬಿಸಿಗಾಳಿ ಮೇಲೇರಿ ಅಲ್ಲಿಂದ ಹೊರಟುಹೋಗುತ್ತದೆ, ಕೆಳಗಿನ ಕಿಟಕಿಯಿಂದ ತಣ್ಣನೆಯದು ಒಳಬರುತ್ತದೆ. ನಮ್ಮ ಊರಮನೆಗಳು ಅನುಭವದಿಂದ ಕಂಡುಕೊಂಡಿದ್ದ ಇಂಥ ಸಂಗತಿಗಳನ್ನು ಕೋನಿಗ್ಸ್‌ಬರ್ಗರ್ ಅಳತೆಗೆ ತಂದರು. ಮುಂದೆ ನೆಹರೂ ಸರ್ಕಾರದಲ್ಲಿ ವಸತಿ ನಿರ್ದೇಶಕರಾದರು, ಭುವನೇಶ್ವರದ ನಕ್ಷೆ ಬರೆದರು. ಆಮೇಲೆ ಲಂಡನ್ನಿಗೆ ಹೋಗಿ ಉಷ್ಣವಲಯದ ವಾಸ್ತುಶಿಲ್ಪ ಎಂಬ ವಿಷಯವನ್ನೇ ಪಾಠಪಟ್ಟಿಗೆ ತಂದರು. ಅವರು ಇತರರೊಡನೆ 1974ರಲ್ಲಿ ಪ್ರಕಟಿಸಿದ ಕೈಪಿಡಿಯನ್ನು ಬಿಸಿಲ ದೇಶಗಳ ವಾಸ್ತುಶಿಲ್ಪ ವಿದ್ಯಾರ್ಥಿಗಳು ಈಗಲೂ ತಿರುವಿ ಹಾಕುತ್ತಾರೆ. ಆ ವಿದ್ಯೆಯ ಮೊದಲ ಪ್ರಯೋಗಶಾಲೆ ನಮ್ಮ ಊರು.

ಇಂಥ ಒಂದು ಕಿಟಕಿ ಹೇಗೆ ಹಾಳಾಗುತ್ತದೆ ಎಂಬುದನ್ನು ಆ ಕಾಲದ ಯಾವ ಸರ್ಕಾರಿ ಕಟ್ಟಡಕ್ಕೆ ಹೋದರೂ ನೋಡಬಹುದು. ಮೊದಲು ಸಾಹೇಬರ ಕೋಣೆಗೆ ಎ.ಸಿ. ಬರುತ್ತದೆ. ತಣ್ಣನೆ ಗಾಳಿ ಹೊರಗೆ ಹೋಗಬಾರದೆಂದು ಗವಾಕ್ಷಿಗೆ ಪ್ಲೈವುಡ್ ಬಡಿಯುತ್ತಾರೆ. ಎ.ಸಿ.ಯ ಹೊರಗಿನ ಡಬ್ಬ ಸಜ್ಜದ ಮೇಲೆ ಕೂರುತ್ತದೆ, ಅದರ ಪೈಪಿನ ನೀರು ವರ್ಷವಿಡೀ ತೊಟ್ಟಿಕ್ಕಿ ಸಜ್ಜದ ಕಂಬಿ ತುಕ್ಕು ಹಿಡಿಯುತ್ತದೆ. ಕಡತ ಇಡಲು ಜಾಗ ಸಾಲದೆ ಪಡಸಾಲೆಗೆ ಅಲ್ಯುಮಿನಿಯಂ ಪಾರ್ಟಿಷನ್ ಬೀಳುತ್ತದೆ. ಪಡಸಾಲೆ ಮುಚ್ಚಿದ ಮೇಲೆ ಒಳಕೋಣೆಗಳಿಗೆ ಗಾಳಿ ಇಲ್ಲ, ಅವಕ್ಕೂ ಎ.ಸಿ. ಬೇಕು. ಕೊನೆಗೆ ಮುಂಭಾಗ ಮಾಸಿದೆ ಎಂದು ನೀಲಿ ಗಾಜು ಅಥವಾ ಅಲ್ಯುಮಿನಿಯಂ ಕಾಂಪೋಸಿಟ್ (ಎಸಿಪಿ) ಹಾಳೆ ಹೊದಿಸುತ್ತಾರೆ. ಹತ್ತು ವರ್ಷ ಬಿಟ್ಟು ಒಬ್ಬ ಎಂಜಿನಿಯರು ಬಂದು ಕಟ್ಟಡ ಶಿಥಿಲವಾಗಿದೆ, ಉಸಿರುಗಟ್ಟಿಸುತ್ತದೆ, ಕೆಡವಬಹುದು ಎಂದು ವರದಿ ಬರೆಯುತ್ತಾರೆ. ವರದಿಯಲ್ಲಿ ಸುಳ್ಳಿಲ್ಲ. ಆ ಗತಿ ಬಂದದ್ದು ಹೇಗೆ ಎಂಬುದು ಮಾತ್ರ ಅದರಲ್ಲಿ ಇರುವುದಿಲ್ಲ.

ಬನ್ನೇರುಘಟ್ಟ ರಸ್ತೆಯ ಐಐಎಂ ಬೆಂಗಳೂರು ಈ ವಿಷಯದಲ್ಲಿ ಪುಣ್ಯವಂತ. ‘ತ್ರೀ ಈಡಿಯಟ್ಸ್’ ಸಿನಿಮಾ ನೋಡಿದ ಎಲ್ಲರೂ ಅದನ್ನು ನೋಡಿದ್ದಾರೆ, ಆಮಿರ್ ಖಾನ್ ಓಡಾಡಿದ ಎಂಜಿನಿಯರಿಂಗ್ ಕಾಲೇಜು ಅದೇ. ಬಾಲಕೃಷ್ಣ ದೋಶಿ ಅದರ ವಿನ್ಯಾಸ ಶುರು ಮಾಡಿದ್ದು 1977ರಲ್ಲಿ. ಪ್ಯಾರಿಸ್ಸಿನಲ್ಲಿ ಲ ಕಾರ್ಬೂಸಿಯೆ ಬಳಿ ಪಳಗಿದವರು, ಅಹಮದಾಬಾದಿನ ಐಐಎಂನಲ್ಲಿ ಲೂಯಿ ಕಾನ್ ಜೊತೆ ದುಡಿದವರು. 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯ. ಬೆಂಗಳೂರಿನ ಹವೆ ನೋಡಿ ಅವರು ಒಂದು ತೀರ್ಮಾನಕ್ಕೆ ಬಂದರು: ಇಲ್ಲಿ ವರ್ಷದ ಬಹುಪಾಲು ದಿನ ಮನುಷ್ಯ ಬಯಲಲ್ಲೇ ಕೂರಬಹುದು. ಆದ್ದರಿಂದ ಕ್ಲಾಸುಗಳಿಗಿಂತ ಕ್ಲಾಸುಗಳ ನಡುವಿನ ಓಣಿಗಳೇ ಮುಖ್ಯವಾದವು. ಸುತ್ತಮುತ್ತಲಿನ ಬೂದು ಗ್ರಾನೈಟನ್ನು ಒರಟಾಗಿ ಕೊಚ್ಚಿ, ಗಾರೆ ಬಳಿಯದೆ ಗೋಡೆ ಎಬ್ಬಿಸಿದರು. ಓಣಿಯ ಮೇಲೆ ಕೆಲವು ಕಡೆ ಚಾವಣಿ, ಕೆಲವು ಕಡೆ ಬರೀ ಕಾಂಕ್ರೀಟ್ ತೊಲೆಗಳ ಹಂದರ, ಇನ್ನು ಕೆಲವು ಕಡೆ ಏನೂ ಇಲ್ಲ. ನಡೆಯುತ್ತಾ ಹೋದರೆ ಬಿಸಿಲು ನೆರಳಿನ ಪಟ್ಟೆಗಳು ಕಾಲ ಕೆಳಗೆ ಸರಿಯುತ್ತವೆ. ಬಳ್ಳಿಗಳು ತೊಲೆ ಹಿಡಿದು ಇಳಿದಿವೆ. ತಮ್ಮ ಮನಸ್ಸಿನಲ್ಲಿದ್ದದ್ದು ಫತೇಪುರ ಸಿಕ್ರಿ ಎಂದು ದೋಶಿ ಹೇಳುತ್ತಿದ್ದರು.

ಅಲ್ಲಿ ಕಟ್ಟಡ ಎಲ್ಲಿ ಮುಗಿಯಿತು, ತೋಟ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ. ಕಲ್ಲನ್ನು ಉಳಿಸಿಕೊಂಡು ಬಳ್ಳಿಗಳನ್ನು ಕಿತ್ತರೆ, ಅಥವಾ ಮಳೆ ಬರುತ್ತದೆಂದು ಹಂದರಕ್ಕೆ ಪಾಲಿಕಾರ್ಬನೇಟ್ ಹಾಳೆ ಹೊದಿಸಿದರೆ, ಗೋಡೆಗಳಿದ್ದೂ ದೋಶಿಯ ಓಣಿ ಇರುವುದಿಲ್ಲ. ನೆಟ್ಟ ಗಿಡವೂ ನಕ್ಷೆಯ ಭಾಗ ಎಂಬುದು ನಮ್ಮ ಸಂರಕ್ಷಣೆಯ ಚರ್ಚೆಯಲ್ಲಿ ಬರುವುದೇ ಅಪರೂಪ.

ಬೆಂಗಳೂರಿನಲ್ಲಿ ಈ ಮಾತಿಗೆ ಮೊದಲು ನೆನಪಾಗಬೇಕಾದವರು ಜಿ.ಎಚ್. ಕ್ರುಂಬಿಗಲ್. ಲಾಲ್‌ಬಾಗಿನ ಪಕ್ಕದ ರಸ್ತೆಗೆ ಅವರ ಹೆಸರಿದೆ. ಜರ್ಮನಿಯವರು, ಲಂಡನ್ನಿನ ಕ್ಯೂ ತೋಟದಲ್ಲಿ ಕೆಲಸ ಕಲಿತು ಬರೋಡಾಕ್ಕೆ ಬಂದು, 1908ರಿಂದ 1932ರ ತನಕ ಲಾಲ್‌ಬಾಗಿನಲ್ಲಿದ್ದರು, ತೀರಿಕೊಂಡದ್ದೂ ಬೆಂಗಳೂರಿನಲ್ಲೇ, 1956ರಲ್ಲಿ. ಒಂದು ರಸ್ತೆಯ ಹೂವು ಉದುರುವ ಹೊತ್ತಿಗೆ ಇನ್ನೊಂದು ರಸ್ತೆ ಅರಳಬೇಕು, ಹಾಗೆ ವರ್ಷವಿಡೀ ಊರಿನಲ್ಲಿ ಎಲ್ಲಾದರೂ ಹೂವು ಇರಬೇಕು ಎಂಬುದು ಅವರ ಯೋಜನೆ. ಬೇಸಿಗೆಗೆ ಮೊದಲೇ ಟಬೂಬಿಯಾ, ಮಾರ್ಚಿಗೆ ನೇರಳೆ ಜಕರಂಡ, ಏಪ್ರಿಲ್ ಮೇ ತಿಂಗಳಿಗೆ ಗುಲ್‌ಮೊಹರ್, ಮಳೆ ಕಳೆದ ಮೇಲೆ ಆಕಾಶಮಲ್ಲಿಗೆ. ಆದರೆ ಇವತ್ತು ಟಬೂಬಿಯಾದ ಗುಲಾಬಿ ಬಣ್ಣದ ಹೂವಿನ ಫೋಟೊ ಹಾಕಿ ಎಲ್ಲ ಕೀರ್ತಿಯನ್ನೂ ಕ್ರುಂಬಿಗಲ್ಲರಿಗೇ ಕೊಡುವುದು ಅನ್ಯಾಯ. ನಗರ ಬೆಳೆದು ಬೋಳಾಗುತ್ತಿದ್ದಾಗ, 1980ರ ದಶಕದಲ್ಲಿ, ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಸುಮಾರು 15 ಲಕ್ಷ ಸಸಿ ನೆಡಿಸಿದರು. ನಾವು ಮೆಚ್ಚಿ ನಿಲ್ಲುವ ಎಷ್ಟೋ ಮರಗಳು ಅವರ ಕಾಲದವು. ನಮ್ಮವರ ಹೆಸರನ್ನು ನಾವೇ ಮರೆಯುವುದರಲ್ಲಿ ನಮಗೆ ಒಂದು ಬಗೆಯ ಪಾಂಡಿತ್ಯವಿದೆ.

ಮರಗಳ ಸಾಲನ್ನು ಉಳಿಸುವುದೆಂದರೆ ಕಡಿಯದೆ ಬಿಡುವುದಷ್ಟೇ ಅಲ್ಲ. ಮರ ಮುದಿಯಾಗುತ್ತದೆ, ಬೀಳುತ್ತದೆ. ಐತಿಹಾಸಿಕ ತೋಟಗಳ ಬಗ್ಗೆ 1981ರಲ್ಲಿ ಆದ ಫ್ಲಾರೆನ್ಸ್ ಸನ್ನದು ಇದನ್ನು ಒಪ್ಪಿಕೊಂಡೇ ಮಾತಾಡುತ್ತದೆ: ತೋಟವೂ ಒಂದು ರಚನೆಯೇ, ಆದರೆ ಜೀವಂತ ರಚನೆ, ಸಾಯುವುದನ್ನು ಕಾಲಕಾಲಕ್ಕೆ ಹೊಸದಾಗಿ ನೆಡುತ್ತಲೇ ಅದನ್ನು ಕಾಯಬೇಕು. ಅಂದರೆ ಯಾವ ರಸ್ತೆಯಲ್ಲಿ ಯಾವ ಜಾತಿ, ಎಷ್ಟು ಅಡಿಗೊಂದು ಎಂಬ ಪಟ್ಟಿ ಕೈಯಲ್ಲಿರಬೇಕು. ಮಳೆಮರ ಬಿದ್ದ ಜಾಗದಲ್ಲಿ ವಿದ್ಯುತ್ ತಂತಿಗೆ ತಾಗದಂಥ ಪುಟ್ಟ ಗಿಡವೊಂದನ್ನು ನೆಟ್ಟರೆ ಸಸಿಗಳ ಲೆಕ್ಕ ಸರಿಹೋಗುತ್ತದೆ, ರಸ್ತೆಯ ಮೇಲಿದ್ದ ಚಪ್ಪರ ಹೋಗುತ್ತದೆ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಸೇತುವೆ ಎಂದಾಗ ಎಂಟುನೂರಕ್ಕೂ ಹೆಚ್ಚು ಮರ ಹೋಗುತ್ತವೆಂದು ಜನ ಬೀದಿಗಿಳಿದರು, ಮರುವರ್ಷ ಯೋಜನೆ ಬಿದ್ದುಹೋಯಿತು. ದೊಡ್ಡ ಕೊಡಲಿ ಎಲ್ಲರಿಗೂ ಕಾಣುತ್ತದೆ. ಬುಡದ ಸುತ್ತ ಸಿಮೆಂಟು ಹಾಕಿ, ವರ್ಷಕ್ಕೊಂದು ಕೊಂಬೆ ಕಡಿದು, ಇಪ್ಪತ್ತು ವರ್ಷದಲ್ಲಿ ಒಣಗಿಸುವುದರ ವಿರುದ್ಧ ಯಾವ ಮೆರವಣಿಗೆಯೂ ಹೊರಡುವುದಿಲ್ಲ.

ಬೃಂದಾವನದ ಕಥೆ ಇನ್ನೊಂದು ಬಗೆ. ಕನ್ನಂಬಾಡಿ ಕಟ್ಟೆಯ ಬುಡದಲ್ಲಿ 1927ರಿಂದ 1932ರೊಳಗೆ ಮಿರ್ಜಾ ಅವರ ಕಾಲದಲ್ಲಿ ಆದ ತೋಟ, ಕ್ರುಂಬಿಗಲ್ಲರ ಕೈಚಳಕವೂ ಅದರಲ್ಲಿದೆ. ಮಾದರಿ ಕಾಶ್ಮೀರದ ಶಾಲಿಮಾರ್, ಆದರೆ ಹಿನ್ನೆಲೆಗೆ ನಿಂತದ್ದು ಹಿಮದ ಬೆಟ್ಟವಲ್ಲ, ಆ ಕಾಲದ ಎಂಜಿನಿಯರಿಂಗಿನ ಹೆಮ್ಮೆಯ ಅಣೆಕಟ್ಟು. ಕಟ್ಟೆಯ ನೇರ ಗೆರೆ, ಅದರಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನೀರು, ಎರಡೂ ಬದಿಗೆ ಸಮ ಸಮನಾಗಿ ಹಾಸು: ಇಷ್ಟೇ ಅದರ ಗುಟ್ಟು. ನಿಂತ ನೀರನ್ನು ಬೆಳಕಿನ ಜೊತೆ ಕುಣಿಸಿ ನಮ್ಮ ಅಜ್ಜಂದಿರನ್ನು ಬೆರಗುಗೊಳಿಸಿದ ಜಾಗ, ಎಷ್ಟೋ ಕನ್ನಡ ಸಿನಿಮಾ ಹಾಡುಗಳ ಹಿನ್ನೆಲೆ. 2018ರಲ್ಲಿ ಅದನ್ನು ಡಿಸ್ನಿಲ್ಯಾಂಡ್ ಮಾದರಿಯಲ್ಲಿ ಬೆಳೆಸುತ್ತೇವೆ, 125 ಅಡಿಯ ಕಾವೇರಿ ಮೂರ್ತಿ ನಿಲ್ಲಿಸುತ್ತೇವೆ ಎಂದು ಸರ್ಕಾರ ಹೇಳಿತು. ಪ್ರವಾಸಿಗರು ಬರಲಿ, ಬೇಡ ಅನ್ನುವುದಿಲ್ಲ. ಆದರೆ ಸಮತೋಲವನ್ನೇ ನೆಚ್ಚಿರುವ ತೋಟದಲ್ಲಿ ಎಲ್ಲಕ್ಕಿಂತ ಎತ್ತರದ್ದೊಂದನ್ನು ತಂದು ನಿಲ್ಲಿಸಿದರೆ ಉಳಿದದ್ದೆಲ್ಲ ಅದರ ಅಂಗಳವಾಗುತ್ತದೆ. ಕಾವೇರಿಯ ವಿಗ್ರಹ ಕಟ್ಟೆಯ ಮಗ್ಗುಲಲ್ಲಿ ಮೊದಲಿನಿಂದಲೂ ಇದೆ, ತನ್ನ ಅಳತೆಯಲ್ಲಿ.

ಇಷ್ಟೆಲ್ಲ ಹೇಳಿ ಒಂದು ತೊಡಕನ್ನು ಮುಚ್ಚಿಡುವುದು ಸರಿಯಲ್ಲ. ಈ ಕಾಲದ ಕಟ್ಟಡಗಳನ್ನು ಉಳಿಸುವುದು ದೇವಸ್ಥಾನ ಉಳಿಸಿದಷ್ಟು ಸುಲಭವಲ್ಲ. ಕಲ್ಲು ಸಾವಿರ ವರ್ಷ ತಾಳುತ್ತದೆ, ಕಬ್ಬಿಣದ ಕಂಬಿ ಇರುವ ಕಾಂಕ್ರೀಟು ತಾಳುವುದಿಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ನಿಧಾನವಾಗಿ ಒಳಗಿಳಿದು ಕಾಂಕ್ರೀಟಿನ ಕ್ಷಾರಗುಣವನ್ನು ಕಳೆಯುತ್ತದೆ. ಆ ಕ್ಷಾರವೇ ಕಂಬಿಗೆ ರಕ್ಷೆ. ಅದು ಹೋದ ಮೇಲೆ ತೇವ ಸೋಕಿದರೆ ಕಂಬಿ ತುಕ್ಕಾಗಿ ಉಬ್ಬುತ್ತದೆ, ಮೇಲಿನ ಹೊದಿಕೆ ಸಿಡಿದು ಬೀಳುತ್ತದೆ. ಕೆಟ್ಟ ಭಾಗವನ್ನು ಮಾತ್ರ ಕೊರೆದು, ಕಂಬಿ ಉಜ್ಜಿ, ಅದೇ ಬಣ್ಣ ಅದೇ ಜಲ್ಲಿಯ ಮಿಶ್ರಣ ತುಂಬಬೇಕು. ಇದು ಬಲ್ಲ ಮೇಸ್ತ್ರಿಗಳು ಕಡಿಮೆ, ಟೆಂಡರಿನಲ್ಲಿ ಇದಕ್ಕೆ ಕಾಲಂ ಇಲ್ಲ.

ಅಹಮದಾಬಾದಿನ ಐಐಎಂನಲ್ಲಿ ಈ ತೊಡಕಿಗೆ ಎರಡು ಉತ್ತರ ಒಂದೇ ಆವರಣದೊಳಗೆ ಸಿಕ್ಕಿತು. ಲೂಯಿ ಕಾನ್ ಕಟ್ಟಿದ ಇಟ್ಟಿಗೆಯ ಗ್ರಂಥಾಲಯವನ್ನು ಕೊಡಗು ಮೂಲದ ವಾಸ್ತುಶಿಲ್ಪಿ ಬೃಂದಾ ಸೋಮಯ್ಯ ಅವರ ಸಂಸ್ಥೆ ಜೀರ್ಣೋದ್ಧಾರ ಮಾಡಿ 2019ರಲ್ಲಿ ಯುನೆಸ್ಕೊ ಪ್ರಶಸ್ತಿ ಪಡೆಯಿತು. ಮುಂದಿನ ವರ್ಷದ ಡಿಸೆಂಬರಿನಲ್ಲಿ ಅಲ್ಲಿನ ಆಡಳಿತವೇ 18 ವಿದ್ಯಾರ್ಥಿ ನಿಲಯಗಳಲ್ಲಿ 14ನ್ನು ಕೆಡವುತ್ತೇವೆ ಎಂದಿತು. ಜಗತ್ತೆಲ್ಲ ಕೂಗೆದ್ದು, 2021ರ ಹೊಸ ವರ್ಷದ ದಿನ ನಿರ್ಧಾರ ಹಿಂತೆಗೆದುಕೊಂಡರು. 2022ರ ಕೊನೆಗೆ ಹಳೆಯ ಮಾತಿಗೇ ಮರಳಿದರು: ಇಟ್ಟಿಗೆ ಕಳಪೆ, 2001ರ ಭೂಕಂಪದ ಪೆಟ್ಟು ಬಿದ್ದಿದೆ, ಹುಡುಗರ ತಲೆಯ ಮೇಲೆ ಬಿದ್ದರೆ ಯಾರು ಹೊಣೆ? ಆಡಳಿತದವರ ಆತಂಕ ಪೊಳ್ಳು ಎನ್ನಲಾರೆ. ಆದರೆ ಗ್ರಂಥಾಲಯಕ್ಕೆ ಸಿಕ್ಕ ತಾಳ್ಮೆ ಹಾಸ್ಟೆಲ್ಲಿಗೂ ಸಿಕ್ಕಿತೇ ಎಂಬ ಪ್ರಶ್ನೆ ಉಳಿಯುತ್ತದೆ.

ಎಲ್ಲವನ್ನೂ ಉಳಿಸಿ ಎಂಬ ವಾದ ನನ್ನದಲ್ಲ. ಎಂ.ಜಿ. ರಸ್ತೆಯ ಪಬ್ಲಿಕ್ ಯುಟಿಲಿಟಿ ಬಿಲ್ಡಿಂಗನ್ನು ಒಂದು ಕಾಲದಲ್ಲಿ ಊರೆಲ್ಲ ಕತ್ತೆತ್ತಿ ನೋಡಿತ್ತು, ಆದರೂ ಅದರ ಪರವಾಗಿ ವಕಾಲತ್ತು ಹಾಕಲು ನನಗೆ ಮನಸ್ಸು ಬರುವುದಿಲ್ಲ. ಬೇರೆಯವರಿಗೆ ಬರಬಹುದು, ಆಗ ಜಗಳವಾಡೋಣ. ಜಗಳವಾಡಲು ಮೊದಲು ಏನೇನಿದೆ ಎಂದು ಗೊತ್ತಿರಬೇಕು. ನಮ್ಮ ನಗರ ಯೋಜನಾ ಕಾಯ್ದೆಯಲ್ಲಿ ಪಾರಂಪರಿಕ ಕಟ್ಟಡ ಎಂದು ಘೋಷಿಸಲು ನೂರು ವರ್ಷದ ಶರತ್ತಿಲ್ಲ. ವಾಸ್ತುಶಿಲ್ಪದ ಗುಣ, ಚರಿತ್ರೆಯ ಮಹತ್ವ ಇದ್ದರೆ ಯೋಜನಾ ಪ್ರಾಧಿಕಾರ ಘೋಷಿಸಬಹುದು. ಬೇಕಾದ್ದು ಪಟ್ಟಿ, ಪಟ್ಟಿಗೆ ಬೇಕಾದ್ದು ನಕ್ಷೆ.

ಆ ನಕ್ಷೆಗಳು ಎಲ್ಲಿರುತ್ತವೆ? ಸರ್ಕಾರಿ ಎಂಜಿನಿಯರಿಂಗ್ ವಿಭಾಗಗಳ, ಹಳೆಯ ಕಾಲೇಜುಗಳ ಸ್ಟೋರಿನಲ್ಲಿ, ಗಾಡ್ರೆಜ್ ಬೀರುವಿನ ಮೇಲೆ, ಸುರುಳಿ ಸುತ್ತಿ ದಾರ ಕಟ್ಟಿ. ಮೂಲ ಹಾಳೆ ಟ್ರೇಸಿಂಗ್ ಬಟ್ಟೆಯದಾದರೆ ಪರವಾಗಿಲ್ಲ. ಅಮೋನಿಯಾ ಪ್ರಿಂಟಾದರೆ ಗೆರೆಗಳು ವರ್ಷ ವರ್ಷಕ್ಕೂ ಮಾಸುತ್ತಿರುತ್ತವೆ. ಕಾಂಕ್ರೀಟಿನೊಳಗೆ ಕಂಬಿ ಎಲ್ಲೆಲ್ಲಿದೆ ಎಂದು ಹೇಳುವುದು ಆ ಹಾಳೆ, ಯಾವ ಮೂಲೆಗೆ ಯಾವ ಗಿಡ ಎಂದು ಹೇಳುವುದೂ ಅದೇ. ಕಚೇರಿ ಸ್ಥಳಾಂತರ ಆದಾಗ ಇಂಥವು ರದ್ದಿಗೆ ಹೋಗುತ್ತವೆ. ಇವನ್ನು ಸ್ಕ್ಯಾನ್ ಮಾಡಲು ದೊಡ್ಡ ಅನುದಾನವೇನೂ ಬೇಡ. ಸ್ಟೋರಿನ ಬೀಗದ ಕೈ ಯಾರ ಹತ್ತಿರ ಇದೆ ಎಂಬುದು ಗೊತ್ತಾಗಬೇಕು.